ಹುಲ್ಲುಗುಡ್ಡದ ಉದ್ಧಾರಕರು

ನಾನು ಪಾಳ್ಯದ ಕಡೆಯವಳು. ನಮ್ಮ ತವರಿನಲ್ಲಿ ದನ ಸಾಕುವುದೆಂದರೆ ಗೂಟಕ್ಕೆ ಕಟ್ಟಿ, ಮುಂದೆ ಭತ್ತದ ಹುಲ್ಲು ಹಾಕಿ, ಹೊತ್ತಿಗೆ ಸರಿಯಾಗಿ ನೀರು ಕುಡಿಸುವುದು. ಮದುವೆಯಾಗಿ ಮಾರನಹಳ್ಳಿಯಿಂದ ಒಳಗಿರುವ ಈ ಗುಡ್ಡದ ಊರಿಗೆ ಬಂದಾಗ, ಇಲ್ಲಿನ ದನಗಳು ಬೆಳಿಗ್ಗೆ ತಾವೇ ಗುಡ್ಡ ಹತ್ತಿ ಸಂಜೆ ತಾವೇ ಇಳಿದು ಬರುವುದನ್ನು ಕಂಡು ನನಗೆ ತುಂಬಾ ಕನಿಕರವಾಯಿತು. ದನಗಳ ಮೇಲಲ್ಲ, ಅತ್ತೆಯ ಮೇಲೆ. ಪಾಪ, ದನ ಸಾಕುವುದು ಹೇಗೆಂದು ಇವರಿಗೆ ಯಾರೂ ಹೇಳಿಕೊಟ್ಟಿಲ್ಲವಲ್ಲ ಅಂದುಕೊಂಡೆ. ನಾನು ಪಿಯುಸಿ ಓದಿದವಳು. ಅದೂ ಫಸ್ಟ್ ಕ್ಲಾಸಿನಲ್ಲಿ.

ಅತ್ತೆಯ ದನಗಳು ಮಲೆನಾಡು ಗಿಡ್ಡ ತಳಿಯವು. ಹೆಸರಿಗೆ ತಕ್ಕ ಹಾಗೆ ಗಿಡ್ಡ. ನನ್ನ ಸೊಂಟದಿಂದ ಮೇಲೆ ಬಾರದ, ಕಪ್ಪು ಕಂದು ಬಣ್ಣದ, ಆಡಿಗಿಂತ ಸ್ವಲ್ಪ ದೊಡ್ಡವು ಅನ್ನಿಸುವ ದನಗಳು. ಒಂದು ಹೊತ್ತಿಗೆ ಒಂದು ಲೀಟರು ಹಾಲು ಕೊಟ್ಟರೆ ಅದು ಆ ಹಸುವಿನ ದೊಡ್ಡ ಮನಸ್ಸು. ಡೈರಿಗೆ ನಮ್ಮ ಮನೆಯ ಕ್ಯಾನು ತೆಗೆದುಕೊಂಡು ಹೋದರೆ, ಹಾಲು ಅಳೆಯುವವರು ಒಳಗೆ ಬಗ್ಗಿ ನೋಡಿ, "ಅಕ್ಕ, ಕ್ಯಾನ್ ತೊಳ್ದಿದ್ ನೀರಾ, ಹಾಲಾ?" ಎಂದು ಕೇಳುತ್ತಿದ್ದರು. ನನಗೆ ಅವಮಾನವಾಗುತ್ತಿತ್ತು. ಅತ್ತೆಗೆ ಆಗುತ್ತಿರಲಿಲ್ಲ. ಅವರು ದನ ಸಾಕಿದ್ದು ಮುಖ್ಯವಾಗಿ ಕಾಫಿ ಗಿಡದ ಬುಡಕ್ಕೆ ಗೊಬ್ಬರ ಬೇಕೆಂದು. ಹಾಲು ಅವರ ಲೆಕ್ಕದಲ್ಲಿ ದನ ಕೊಡುವ ಕೊಸರು.

ನಮ್ಮ ಮನೆಯವರು ಪಕ್ಕದ ಎಸ್ಟೇಟಿನಲ್ಲಿ ರೈಟರ್. ದಿನವೂ ಬರೆಯುವುದು ಆಳುಗಳ ಹಾಜರಿ. ಮನೆಯ ವಿಷಯದಲ್ಲಿ ಮಾತ್ರ ಅವರು ಅಭಿಪ್ರಾಯವನ್ನು ಬರೆದೂ ಕೊಡುವುದಿಲ್ಲ, ಬಾಯಲ್ಲೂ ಹೇಳುವುದಿಲ್ಲ. ಹೀಗಾಗಿ ಕೊಟ್ಟಿಗೆಯನ್ನು ಸುಧಾರಿಸುವ ಭಾರ ನನ್ನ ಮೇಲೇ ಬಿತ್ತು. ಅರ್ಧ ಗಿಡ್ಡಗಳನ್ನು ಮಾರಿಸಿ, ಯಾವುದೋ ಯೋಜನೆಯಲ್ಲಿ ಹೆಚ್ಚು ಹಾಲು ಕೊಡುವ ಎಚ್.ಎಫ್. ಎಂಬ ಸೀಮೆ ಮಿಶ್ರತಳಿಯ ಮೂರು ಹಸುಗಳನ್ನು ತರಿಸಿದೆ. ಲಾರಿಯಿಂದ ಇಳಿದಾಗ ಒಂದೊಂದೂ ಬಸ್ಸಿನ ಹಾಗಿತ್ತು. ಅವಕ್ಕಾಗಿ ಸಿಮೆಂಟ್ ನೆಲ ಬಂತು, ಕಾಲು ಜಾರದಿರಲಿ ಎಂದು ರಬ್ಬರ್ ಮ್ಯಾಟ್ ಬಂತು, ಕೊನೆಗೆ ಒಂದು ಫ್ಯಾನೂ ಬಂತು.

ಅತ್ತೆ ಬಾಗಿಲಲ್ಲಿ ನಿಂತು ಫ್ಯಾನನ್ನೇ ನೋಡಿದರು.

"ಇದ್ಯಾರ್ಗೆ?"

"ಹಸುಗೆ ಅತ್ತೆ. ಅವಕ್ಕೆ ಸೆಕೆ ತಡ್ಯಕ್ಕಾಗಲ್ಲ."

"ಈ ಊರಲ್ಲಿ ಸೆಕೆ ಎಲ್ಲೈತೆ?" ಎಂದರು. ಅಷ್ಟೇ. ಸೆರಗು ಬಿಗಿದುಕೊಂಡು ಉಳಿದ ಗಿಡ್ಡಗಳ ಹಿಂದೆ ಗುಡ್ಡಕ್ಕೆ ಹೋದರು.

ಎರಡು ವರ್ಷ ನಾನು ಬಹಳ ಮುಂದುವರಿದ ಹೆಂಗಸಾಗಿದ್ದೆ. ಬೆಳಿಗ್ಗೆ ಎದ್ದರೆ ಹಿಂಡಿ, ಬೂಸಾ, ಖನಿಜ ಮಿಶ್ರಣ. ಮಧ್ಯಾಹ್ನ ಹಸಿ ಹುಲ್ಲು ಕತ್ತರಿಸುವುದು. ಕೆಚ್ಚಲು ಬಾವು ಬಂದರೆ ಸಕಲೇಶಪುರಕ್ಕೆ ಫೋನು, ಗೊರಸು ಕೊಳೆತರೆ ಫೋನು, ಬೆದೆಗೆ ಬಂದರೆ ಫೋನು, ಬರದಿದ್ದರೂ ಫೋನು. ಪಶುವೈದ್ಯರಿಗೆ ಅವರ ಹೆಂಡತಿಗಿಂತ ನನ್ನ ದನಿಯೇ ಹೆಚ್ಚು ಪರಿಚಯವಾಗಿತ್ತು. ಡೈರಿಯಲ್ಲಿ ಕ್ಯಾನು ತುಂಬುತ್ತಿತ್ತು ನಿಜ. ಆ ಕ್ಯಾನು ತುಂಬಿಸಲು ನಾನು ಮೂರು ಹಸುಗಳ ಆಯಾ ಆಗಿದ್ದೆ ಎನ್ನುವುದನ್ನು ಮಾತ್ರ ಯಾರೂ ಅಳೆಯುತ್ತಿರಲಿಲ್ಲ.

ಎರಡನೆಯ ಮಳೆಗಾಲದಲ್ಲಿ ದೊಡ್ಡ ಹಸು ಹಗ್ಗ ಬಿಚ್ಚಿಕೊಂಡು ಹೊರಗೆ ಹೋಯಿತು. ಹೊರಗಿನ ಹುಲ್ಲು ಅದಕ್ಕೂ ಕಂಡಿರಬೇಕು. ಮನೆಯ ಹಿಂದಿನ ಇಳಿಜಾರಿನಲ್ಲಿ, ಹಳ್ಳದ ಹತ್ತಿರ ಕಾಲು ಜಾರಿ ಬಿತ್ತು. ಅಷ್ಟು ದೊಡ್ಡ ದೇಹ ಒಮ್ಮೆ ಬಿದ್ದ ಮೇಲೆ ಏಳಲಿಲ್ಲ. ಎಸ್ಟೇಟಿನ ಆಳುಗಳ ಲೈನುಮನೆಗಳಿಂದ ಹತ್ತು ಜನ ಬಂದರು. ಗೋಣಿಚೀಲ ಹೊಟ್ಟೆಯಡಿ ತೂರಿಸಿ, ಬಿದಿರು ಕೊಟ್ಟು ಎತ್ತಲು ನೋಡಿದರು. ಅದು ಎದ್ದ ಹಾಗೆ ಮಾಡಿ ಮತ್ತೆ ಕುಸಿಯುತ್ತಿತ್ತು. ಡಾಕ್ಟರು ಬಂದು ಸೊಂಟ ಮುಟ್ಟಿ ನೋಡಿ ತಲೆ ಅಲ್ಲಾಡಿಸಿದರು. ಮೂರು ದಿನ ಅದರ ಮೇಲೆ ಟಾರ್ಪಾಲು ಕಟ್ಟಿ, ಪಕ್ಕದಲ್ಲಿ ಕೂತು ನೀರು ಕುಡಿಸಿದೆ. ಮೂರನೆಯ ದಿನ ಮಧ್ಯಾಹ್ನ ಅದು ಸತ್ತಿತು. ಅದರ ಮೂಗಿನ ಮೇಲೆ ರಕ್ತ ಕುಡಿದು ಊದಿದ್ದ ಇಂಬಳವನ್ನು ತೆಗೆಯುತ್ತಾ ನಾನು ಅಳುತ್ತಿದ್ದೆ. ಅದೇ ಹೊತ್ತಿಗೆ ಅತ್ತೆಯ ಗಿಡ್ಡಗಳು ಅದೇ ಇಳಿಜಾರಿನಲ್ಲಿ, ಅದೇ ಮಳೆಯಲ್ಲಿ, ಸಾಲಾಗಿ ಇಳಿದು ಬಂದು ನಮ್ಮಿಬ್ಬರನ್ನು ಒಮ್ಮೆ ನೋಡಿ ಕೊಟ್ಟಿಗೆಗೆ ಹೋದವು.

ಅತ್ತೆ ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ವಾಸಿಯಿತ್ತು. ಅವರು ನನ್ನ ಪಕ್ಕ ಕೂತು, "ಅದ್ರದ್ದೇನ್ ತಪ್ಪೈತೆ, ಬಯ್ಲುಸೀಮೆ ಹಸ. ಇಲ್ಲಿ ತಂದ್ ನಿಲ್ಸಿದ್ದು ನಾವು," ಎಂದರು. 'ನೀನು' ಅನ್ನದೆ 'ನಾವು' ಅಂದರಲ್ಲ, ಅದು ಇವತ್ತಿಗೂ ನೆನಪಿದೆ.

ಉಳಿದೆರಡು ಹಸುಗಳನ್ನು ಪಾಳ್ಯದ ನನ್ನ ಅಣ್ಣನ ಮನೆಗೆ ಕಳಿಸಿದೆ. ಅಲ್ಲಿನ ಸಪಾಟು ನೆಲದಲ್ಲಿ ಅವು ಚೆನ್ನಾಗಿಯೇ ಇದ್ದವು. ನಾನು ಮರುದಿನದಿಂದ ಅತ್ತೆಯ ಜೊತೆ ಮಳೆಗೆ ಗೋಣಿಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತತೊಡಗಿದೆ. ಪಿಯುಸಿಯಲ್ಲಿ ಹೇಳಿಕೊಡದ ಪಾಠ ಅಲ್ಲಿ ಶುರುವಾಯಿತು.

ನಮ್ಮ ಊರಿನ ಗೋಮಾಳ ಒಂದು ಬೋಳು ಗುಡ್ಡ. ಮರ ಇರುವುದು ಗುಡ್ಡದ ಮಡಿಕೆಗಳಲ್ಲಿ, ಹಳ್ಳದ ಬದಿಯಲ್ಲಿ, ಮಿಕ್ಕಿದ್ದೆಲ್ಲ ಹುಲ್ಲು. ಊರಿಗೆ ಹತ್ತಿರದ ಬದಿಯಲ್ಲಿ ಎಲ್ಲರ ದನಗಳೂ ವರ್ಷವಿಡೀ ಮೇದು ಮಣ್ಣು ಕೆಂಪಗೆ ಕಾಣುತ್ತಿತ್ತು. ನೆತ್ತಿಯ ಕಡೆ ಯಾವ ದನವೂ ಹೋಗದೆ ಹುಲ್ಲು ಸೊಂಟದೆತ್ತರ ಬೆಳೆದು ಒಣಗಿ, ಶಿವರಾತ್ರಿ ಹೊತ್ತಿಗೆ ಯಾರಾದರೊಬ್ಬರು ಅದಕ್ಕೆ ಬೆಂಕಿ ಇಡುತ್ತಿದ್ದರು. ಯಾರೆಂದು ಕೇಳಿದರೆ ಯಾರೂ ಅಲ್ಲ. ಬೆಂಕಿ ನಮ್ಮೂರಲ್ಲಿ ತಾನೇ ಹುಟ್ಟಿಕೊಳ್ಳುತ್ತದೆ.

"ಮೊದ್ಲು ಹಿಂಗಿರ್ಲಿಲ್ಲ ಕಣೇ," ಎಂದರು ಅತ್ತೆ. "ಊರಿಗೆಲ್ಲ ಒಬ್ನೇ ದನ ಕಾಯೋನಿದ್ದ. ಮಳೆಗಾಲುಕ್ಕೆ ನೆತ್ತಿ, ಅದಾದ್ಮೇಲೆ ಮೂಡ್ಲು ಬದಿ, ಬ್ಯಾಸ್ಗೇಲಿ ಹಳ್ಳದ್ ಬದಿ. ಒಂದ್ ಕಡೆ ಮೇಯ್ತಿದ್ರೆ ಇನ್ನೊಂದ್ ಕಡೆ ಹುಲ್ಲು ಚಿಗುರ್ಕೊಳ್ಳೋದು. ಅವ್ನು ಸತ್ಮೇಲೆ ಎಲ್ರೂ ಅವ್ರವ್ರ ದನ ಅವ್ರವ್ರೇ ಬುಟ್ಬುಟ್ರು."

ಇಷ್ಟೇ ವಿಷಯ. ಗುಡ್ಡವನ್ನು ನಾಲ್ಕು ಪಾಲು ಮಾಡಿ, ಒಂದೊಂದು ಪಾಲಿಗೂ ವರ್ಷದಲ್ಲಿ ಕೆಲವು ತಿಂಗಳು ಬಿಡುವು ಕೊಟ್ಟರೆ ಹುಲ್ಲೂ ಉಳಿಯುತ್ತದೆ, ಬೆಂಕಿ ಹಚ್ಚುವಷ್ಟು ಒಣಗುವುದೂ ಇಲ್ಲ. ಡೈರಿಯ ಜಗಲಿಯಲ್ಲಿ ಇದನ್ನು ನಾಲ್ಕು ಜನರ ಮುಂದೆ ಹೇಳಿದೆ. ಹನ್ನೆರಡು ದನ ಇಟ್ಟುಕೊಂಡಿದ್ದ ಎದುರು ಮನೆಯ ಭಾವನವರು ಬೀಡಿ ಹಚ್ಚುತ್ತಾ, "ದನುಕ್ಕೂ ಟೈಂಟೇಬಲ್ ಮಾಡ್ಬುಟ್ಯಾ ತಾಯಿ? ಬೆಲ್ ಹೊಡ್ಯೋರು ಯಾರು?" ಎಂದರು. ಅಂದಿನಿಂದ ಊರಲ್ಲಿ ನನ್ನ ಹೆಸರು ಟೈಂಟೇಬಲ್ ಅಕ್ಕ.

ನಾನು ತಪ್ಪು ಮಾಡಿದ್ದು ಎಲ್ಲಿ ಎಂದು ಆಮೇಲೆ ಗೊತ್ತಾಯಿತು. ಇದು ಹಳೆಯ ಪದ್ಧತಿ ಎಂದು ಹೇಳಿಬಿಟ್ಟಿದ್ದೆ. ಹಳೆಯದೆಂದರೆ ಯಾರಿಗೆ ಬೇಕು. ಪಶುವೈದ್ಯರ ಬಳಿ ಹೋಗಿ, ಗುಡ್ಡದ ನಕ್ಷೆಗೆ ನಾಲ್ಕು ಬಣ್ಣ ಹಾಕಿಸಿ, ಮೇಲೆ 'ವೈಜ್ಞಾನಿಕ ಆವರ್ತ ಮೇಯಿಸುವಿಕೆ' ಎಂದು ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಡೈರಿಯ ಗೋಡೆಗೆ ಅಂಟಿಸಿದೆ. ವಾರದೊಳಗೆ ಆರು ಮನೆಯವರು ಬಂದು ನಮ್ಮದನ್ನೂ ಸೇರಿಸಿ ಎಂದರು. ಅತ್ತೆ ಆ ಚಾರ್ಟನ್ನು ನೋಡಿ, "ಆ ದನ ಕಾಯೋನು ಓದೋಕ್ ಬರ್ದೆ ಇದನ್ನೆಲ್ಲ ಹೆಂಗ್ ಮಾಡ್ತಿದ್ನೋ," ಎಂದು ಬಹಳ ಗಂಭೀರವಾಗಿ ಹೇಳಿದರು.

ಎರಡು ವರ್ಷ ಕಳೆಯುವಷ್ಟರಲ್ಲಿ ಕೆಂಪು ಬದಿಯಲ್ಲಿ ಹುಲ್ಲು ಹತ್ತಿತು. ಹಳ್ಳದ ನೀರು ಮೊದಲಿಗಿಂತ ಹೆಚ್ಚು ದಿನ ನಿಂತಿತು ಎಂದು ನನಗೆ ಅನ್ನಿಸಿತು. ಊರಿನವರು ಆ ವರ್ಷ ಮಳೆ ಚೆನ್ನಾಗಿತ್ತು ಅಂದರು. ಎದುರು ಮನೆಯ ಭಾವನವರು ಚಾರ್ಟಿನ ಕಾವಲುಗಾರರೇ ಆಗಿಬಿಟ್ಟರು. ನನ್ನ ದನಗಳು ಒಂದು ದಿನ ಮೊದಲೇ ಮೂಡಲ ಬದಿಗೆ ಹೋದವೆಂದು ಮನೆ ಬಾಗಿಲಿಗೆ ಬಂದು ಜಗಳ ಮಾಡಿದರು. ನಾನು ಕ್ಷಮೆ ಕೇಳಬೇಕಾಯಿತು. ಇಷ್ಟು ಖುಷಿಯಿಂದ ನಾನು ಯಾವತ್ತೂ ಯಾರ ಕ್ಷಮೆಯನ್ನೂ ಕೇಳಿಲ್ಲ.

ಇಷ್ಟೆಲ್ಲ ಸರಿಯಾಗುತ್ತಿದ್ದಾಗ ಪರಿಸರ ಉಳಿಸುವವರು ಬಂದರು.

ಒಂದು ಬೆಳಿಗ್ಗೆ ಗುಡ್ಡದ ಬುಡದಲ್ಲಿ ಐದು ಕಾರು ನಿಂತಿದ್ದವು. ದೊಡ್ಡ ಕಂಪನಿಯೊಂದರವರು ಎಂದು ಆಮೇಲೆ ತಿಳಿಯಿತು. ಎಲ್ಲರೂ ಒಂದೇ ಥರದ ಹಸಿರು ಟೀ ಶರ್ಟ್ ತೊಟ್ಟಿದ್ದರು. ಟೋಪಿ ಹಾಕಿದ ಒಬ್ಬಳು ಹುಡುಗಿ ಗುಡ್ಡದ ಕಡೆ ಕೈ ಮಾಡಿ ಏನೋ ವಿವರಿಸುತ್ತಿದ್ದಳು. ನಾನು ದನ ಹೊಡೆದುಕೊಂಡು ಹತ್ತಿರ ಹೋದೆ.

"ನಮಸ್ಕಾರ ಆಂಟಿ. ಈ ಬಂಜರು ಗುಡ್ಡವನ್ನ ನಾವು ದತ್ತು ತಗೊಂಡಿದೀವಿ," ಎಂದಳು. ಮಾತು ಮೃದುವಾಗಿತ್ತು, ಮುಖದಲ್ಲಿ ನಿಜವಾದ ಸಂತೋಷವಿತ್ತು.

"ಬಂಜರು ಎಲ್ಲೈತಮ್ಮ? ಹುಲ್ಲೈತಲ್ಲ."

"ಅದೇ ಆಂಟಿ. ಬರೀ ಹುಲ್ಲು. ಒಂದು ಮರ ಇಲ್ಲ ನೋಡಿ. ಸುತ್ತ ಬೇಲಿ ಹಾಕಿ ಸಸಿ ನೆಟ್ಟು ಕಾಡು ಮಾಡ್ತೀವಿ."

"ದನ ಎಲ್ಲೋಗ್ಬೇಕು?"

ಅವಳು ನನ್ನ ಗಿಡ್ಡಗಳನ್ನು ನೋಡಿದಳು. "ಅಯ್ಯೋ, ಎಷ್ಟು ಮುದ್ದಾಗಿವೆ," ಎಂದು ಅವುಗಳ ಫೋಟೋ ತೆಗೆದುಕೊಂಡಳು. ಉತ್ತರ ಅಷ್ಟೇ. ಹುಟ್ಟಿದಾಗಿನಿಂದ ಅಪ್ಪ ಅಮ್ಮ ಇರುವ ಗುಡ್ಡವನ್ನು ದತ್ತು ಕೊಟ್ಟವರು ಯಾರೆಂದು ವಿಚಾರಿಸಿದೆ. ನಮ್ಮದೇ ಪಂಚಾಯಿತಿಯಲ್ಲಿ ಒಪ್ಪಿಗೆ ಪತ್ರಕ್ಕೆ ಅರ್ಜಿ ಬಂದಿದೆ, ಮುಂದಿನ ವಾರ ಸಭೆ ಇದೆ ಎಂದು ಗೊತ್ತಾಯಿತು. ಸಭೆಗೆ ಮೊದಲೇ ರಸ್ತೆ ಬದಿಯ ಪಾಲಿನಲ್ಲಿ ಗುಂಡಿ ತೋಡುವುದು ಶುರುವಾಗಿತ್ತು. ಒಪ್ಪಿಗೆ ಸಿಗುವುದೆಂದು ಅವರಿಗೆ ಅಷ್ಟು ಭರವಸೆ.

ನಮ್ಮ ಪಂಚಾಯಿತಿಗೆ ಅಧ್ಯಕ್ಷೆ ಒಬ್ಬಳು ಹೆಂಗಸು. ಅವಳ ಕುರ್ಚಿಯ ಪಕ್ಕದಲ್ಲೇ ಅವಳ ಗಂಡನಿಗೂ ಒಂದು ಕುರ್ಚಿ. ಮಾತೆಲ್ಲ ಆ ಕುರ್ಚಿಯಿಂದ ಬರುತ್ತದೆ, ಸಹಿ ಈ ಕುರ್ಚಿಯಿಂದ. ಹೆಂಗಸರು ಮುಂದೆ ಬರಲಿ ಎಂದು ಸರ್ಕಾರ ಮಾಡಿದ ವ್ಯವಸ್ಥೆಯಲ್ಲಿ ಅವಳು ಅಷ್ಟರಮಟ್ಟಿಗೆ ಮುಂದೆ ಕೂತಿದ್ದಳು.

ಸಭೆಗೆ ಅತ್ತೆಯೂ ನಾನೂ ಆರು ಮನೆಯ ಹೆಂಗಸರೂ ಹೋದೆವು. ಕಂಪನಿಯ ಕಡೆಯ ಯುವಕನೊಬ್ಬ ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದ. ಹಸುಗಳು ತೇಗುವುದರಿಂದ ಒಂದು ಅನಿಲ ಹೊರಬರುತ್ತದೆ, ಅದರಿಂದ ಭೂಮಿ ಬಿಸಿಯಾಗುತ್ತದೆ, ಆದ್ದರಿಂದ ದನ ಕಡಿಮೆ ಮಾಡಿ ಮರ ಹೆಚ್ಚು ಮಾಡಬೇಕು ಎಂದ. ಸಭೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿ ನೋಡಿದರು, ತೇಗಿದ್ದು ನಾನೇ ಎಂಬಂತೆ.

ಅತ್ತೆ ಎದ್ದು ನಿಂತರು. "ಮಗಾ, ನೀವು ಬಂದ್ ಐದ್ ಕಾರು ತೇಗಲ್ವಾ?"

ಎಲ್ಲರೂ ನಕ್ಕರು. ಹುಡುಗನೂ ನಕ್ಕ. ಆದರೆ ನಗಿಸಿದರೆ ಸಾಲದು ಎಂದು ನನಗೆ ಗೊತ್ತಿತ್ತು, ಯಾಕೆಂದರೆ ಹುಡುಗ ಹೇಳಿದ್ದು ಸುಳ್ಳಲ್ಲ. ನಾನೂ ಅದನ್ನು ಓದಿದ್ದೆ. ಹಾಗಾಗಿ ನಿಧಾನಕ್ಕೆ ಹೇಳಿದೆ: "ದನ ತೇಗ್ತವೆ, ಇಲ್ಲ ಅನ್ನಲ್ಲ. ಆದ್ರೆ ಕಟ್ಟಿ ಹಾಕಿ, ಎಲ್ಲೋ ಬೆಳ್ದಿದ್ದ ಮೆಕ್ಕೆಜೋಳಾನ ಲಾರೀಲಿ ತಂದು ತಿನ್ಸೋ ದನಾನೇ ಬೇರೆ, ಇದ್ದ ಹುಲ್ಲು ತಿಂದು ಅಲ್ಲೇ ಸಗಣಿ ಹಾಕೋ ದನಾನೇ ಬೇರೆ. ನಾನು ಎರಡನ್ನೂ ಸಾಕಿದೀನಿ. ಈ ಹುಲ್ಲಿನ ಬೇರು ಮಳೆ ನೀರು ಹಿಡ್ಕೊಳ್ತದೆ. ನೀವು ಗುಂಡಿ ತೋಡಿ ಕಿತ್ತಿರೋದು ಆ ಬೇರನ್ನ. ಒಂದ್ಸಲ ಬಂದು ನೋಡಿ, ಆಮೇಲೆ ಸಹಿ ಹಾಕಿ."

ಅಧ್ಯಕ್ಷೆಯ ಗಂಡ ಗಡಿಯಾರ ನೋಡಿಕೊಂಡರು. "ನೋಡೋದೇನಮ್ಮ, ಗುಡ್ಡ ಗೊತ್ತಿಲ್ವಾ ನಮ್ಗೆ? ಆಯ್ತು, ಸ್ಥಳ ಪರಿಶೀಲ್ನೆ ಅಂತ ಬರ್ಕಳಿ," ಎಂದರು.

ಪರಿಶೀಲನೆಗೆ ಬಂದ ದಿನ ಮಳೆ ಸರಿಯಾಗಿ ಹಿಡಿದಿತ್ತು. ಅಧ್ಯಕ್ಷೆ, ಗಂಡ, ಕಾರ್ಯದರ್ಶಿ, ಕಂಪನಿಯ ಹುಡುಗ ಹುಡುಗಿ ಎಲ್ಲರೂ ಜೀಪಿನಲ್ಲಿ ಬಂದರು. ಅಧ್ಯಕ್ಷೆಯ ಗಂಡ ಹೊಸ ಬಿಳಿ ಪಂಚೆ ಉಟ್ಟಿದ್ದರು. ಒಂದು ಕಾಲು ಕೆಳಗಿಟ್ಟು, ಹುಲ್ಲಿನ ತುದಿಯಲ್ಲಿ ಇಂಬಳಗಳು ತಲೆಯೆತ್ತಿ ಸ್ವಾಗತ ಕೋರುತ್ತಿರುವುದನ್ನು ಕಂಡು ಕಾಲು ಒಳಗೆಳೆದುಕೊಂಡರು. "ನೀನ್ ಹೋಗ್ಬಾ, ನಾನಿಲ್ಲೇ ಒಂದ್ ಫೋನ್ ಮಾಡ್ಬೇಕು," ಎಂದು ಹೆಂಡತಿಗೆ ಹೇಳಿದರು. ಆ ಜಾಗದಲ್ಲಿ ಯಾವ ಕಂಪನಿಯ ಸಿಗ್ನಲ್ಲೂ ಬರುವುದಿಲ್ಲ.

ಹೀಗೆ ನಮ್ಮ ಅಧ್ಯಕ್ಷೆ ಮೊದಲ ಬಾರಿಗೆ ಗಂಡನಿಲ್ಲದೆ ಪಂಚಾಯಿತಿ ಕೆಲಸಕ್ಕೆ ಹೊರಟಳು. ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿ, ನನಗಿಂತ ಚುರುಕಾಗಿ ಹತ್ತಿದಳು. ಅತ್ತೆ ಅವಳಿಗೆ ಮೊದಲು ಹೊಸ ಗುಂಡಿಗಳನ್ನು ತೋರಿಸಿದರು. ಅಗೆದು ಹಾಕಿದ ಮಣ್ಣೆಲ್ಲ ಕೆಂಪು ನೀರಾಗಿ ಹರಿದು ಹೋಗುತ್ತಿತ್ತು. ಆಮೇಲೆ ಬಿಡುವು ಕೊಟ್ಟ ಪಾಲಿಗೆ ಕರೆದುಕೊಂಡು ಹೋಗಿ, ಬಗ್ಗಿ ಹುಲ್ಲು ಸರಿಸಿದರು. ಅಲ್ಲಿ ಹರಿಯುತ್ತಿದ್ದ ನೀರು ತಿಳಿಯಾಗಿತ್ತು.

ಅಧ್ಯಕ್ಷೆ ಅಲ್ಲೇ ಕೂತಳು. ಆ ನೀರಿಗೆ ಕೈ ಅದ್ದಿದಳು.

"ನಮ್ಮಪ್ಪನ್ ಮನೆ ಹಿಂದೂ ಹಿಂಗೇ ಗುಡ್ಡ ಇತ್ತು," ಎಂದಳು. "ಅಕೇಶಿಯ ಹಾಕುದ್ರು. ನಮ್ಮವ್ವ ನೀರಿಗೆ ಎಷ್ಟ್ ದೂರ ಹೋಗೋಳು ಆಮೇಲೆ."

ಕಂಪನಿಯ ಹುಡುಗಿ, "ನಾವು ಅಕೇಶಿಯ ಅಲ್ಲ ಮೇಡಂ, ನೇರಳೆ, ಹೊಂಗೆ," ಎಂದಳು. ಇಂಬಳ ಕಚ್ಚಿದ ಅವಳ ಪಾದದಿಂದ ರಕ್ತ ಸೋರುತ್ತಿತ್ತು. ಅತ್ತೆ ಸುಣ್ಣ ಹಚ್ಚುತ್ತಿದ್ದರು.

"ಗಾಳಿ ಈ ಪಾಟಿ ಬೀಸೋ ಕಡೆ ಹೊಂಗೆ ಬರಲ್ಲ ಕಣಮ್ಮ. ತೋಡಿರೋ ಗುಂಡಿಗೆ ನೆಟ್ಕೋ. ಮಿಕ್ಕಿದ್ ಮೂರ್ ಪಾಲು ಮುಟ್ಬ್ಯಾಡಿ," ಎಂದಳು ಅಧ್ಯಕ್ಷೆ. ಕಾರ್ಯದರ್ಶಿ ಕೆಳಗಿನ ಜೀಪಿನ ಕಡೆ ನೋಡಿದರು. "ಅಲ್ಲೇನ್ ನೋಡ್ತೀರ? ನಾನ್ ಹೇಳ್ತಿರೋದು ಬರ್ಕಳಿ," ಎಂದಳು.

ಅವರು ಬರೆದುಕೊಂಡರು. ಕಾಗದ ನೆನೆಯದಿರಲೆಂದು ನಾನು ಛತ್ರಿ ಹಿಡಿದೆ. ಗಂಡನ ಜೊತೆ ಆ ದಿನ ಮನೆಯಲ್ಲಿ ಏನಾಯಿತೋ ಗೊತ್ತಿಲ್ಲ. ಮುಂದಿನ ಸಭೆಯಲ್ಲಿ ಎರಡನೆಯ ಕುರ್ಚಿ ಅಲ್ಲೇ ಇತ್ತು, ಅವರೂ ಇದ್ದರು. ಎಲ್ಲವೂ ಬದಲಾಗಿಬಿಟ್ಟಿತು ಅನ್ನುವುದಕ್ಕೆ ಇದೇನು ಭಾಷಣವೇ. ಆದರೆ ಗುಡ್ಡದ ನಿರ್ಣಯಕ್ಕೆ ಮಾತ್ರ ಯಾರೂ ಕೈ ಹಾಕಲಿಲ್ಲ.

ರಸ್ತೆ ಬದಿಯ ಪಾಲಿನಲ್ಲಿ ಸಸಿ ನೆಟ್ಟರು, ಫೋಟೋ ತೆಗೆದರು, ಬೋರ್ಡು ಹಾಕಿದರು. ಗಾಳಿಗೆ ಸಸಿಗಳು ಹೋದವು, ಬೋರ್ಡು ಉಳಿಯಿತು. ಈಗಲೂ ಪ್ರತಿ ಜೂನ್‌ನಲ್ಲಿ ಬಂದು ಅದೇ ಗುಂಡಿಗಳಲ್ಲಿ ಹೊಸದಾಗಿ ನೆಡುತ್ತಾರೆ. ಗುಂಡಿ ತೋಡುವ ಶ್ರಮ ಉಳಿದಿದೆ. ಟೋಪಿಯ ಹುಡುಗಿ ಮರುವರ್ಷ ಬರಲಿಲ್ಲ, ಕೆಲಸ ಬಿಟ್ಟಳಂತೆ.

ಗುಡ್ಡದ ನಿರ್ಣಯವಾದ ವರ್ಷವೇ ನನ್ನನ್ನು ಆದರ್ಶ ಗೋಪಾಲಕಿ ಎಂದು ಹಾಸನದಲ್ಲಿ ಸನ್ಮಾನಿಸಿದರು. ದೇಸಿ ತಳಿ ಉಳಿಸಿದ್ದಕ್ಕೆ ಎಂದು ಪತ್ರದಲ್ಲಿತ್ತು. ಒಂದು ಹಸುವನ್ನೂ ತನ್ನಿ ಎಂದಿದ್ದರು. ನನ್ನ ಗಿಡ್ಡವನ್ನು ಕರೆದೊಯ್ದಾಗ ವೇದಿಕೆಯ ವ್ಯವಸ್ಥಾಪಕರು ಅದನ್ನು ಸುತ್ತಿ ಬಂದು, "ಮೇಡಂ, ಇದು ಕರು. ತಾಯಿ ಎಲ್ಲಿ?" ಎಂದು ಕೇಳಿದರು. ಅದು ನಾಲ್ಕು ಕರು ಹಾಕಿದ ತಾಯಿ ಎಂದೆ. ಫೋಟೋದಲ್ಲಿ ಮಂತ್ರಿಗಳ ಕಾಲಿನ ಮರೆಗೆ ಹೋಗಿಬಿಡುತ್ತದೆ ಎಂದು ಅವರು ಪೇಚಾಡಿ, ಪಕ್ಕದ ಫಾರಂನಿಂದ ಕಪ್ಪು ಬಿಳುಪಿನ ಎಚ್.ಎಫ್. ಹಸುವೊಂದನ್ನು ತರಿಸಿ ನಿಲ್ಲಿಸಿದರು. ದೇಸಿ ತಳಿಯ ಸಂರಕ್ಷಕಿಯಾದ ನಾನು ಅದರ ಹಗ್ಗ ಹಿಡಿದು, ಶಾಲು ಹೊದ್ದು, ಪತ್ರಿಕೆಯಲ್ಲಿ ಬಂದೆ. ನನ್ನ ಹಸು ವೇದಿಕೆಯ ಹಿಂದೆ ಅಲಂಕಾರದ ಬಾಳೆಕಂದನ್ನು ಅರ್ಧ ತಿಂದಿತ್ತು.

ಸನ್ಮಾನದಿಂದ ಆದ ಒಂದೇ ಉಪಯೋಗವೆಂದರೆ ಬೇರೆ ಊರಿನವರು ಮಾತಾಡಲು ಕರೆಯತೊಡಗಿದ್ದು. ಬಿಸಿಲೆಯ ಕಡೆ ಒಂದು ಸಲ ಹೋದಾಗ ನಾಲ್ಕು ಹೆಂಗಸರು ಬಂದಿದ್ದರು. ಒಬ್ಬರು ನಡುವೆ ಎದ್ದು ಹೋದರು, ಇನ್ನೊಬ್ಬರು ಎಚ್.ಎಫ್. ಹಸು ಕೊಡಿಸುವ ಯೋಜನೆ ನಿಮ್ಮ ಹತ್ತಿರ ಇದೆಯಾ ಎಂದು ಕೇಳಿದರು. ಮೂಲೆಯಲ್ಲಿ ಕೂತಿದ್ದ ನಡುವಯಸ್ಸಿನವಳೊಬ್ಬಳು ಏನೂ ಕೇಳಲಿಲ್ಲ. ಇಂಥ ಸಭೆಗಳ ಪ್ರಯೋಜನವೇನು ಅಂದುಕೊಂಡು ಬಸ್ಸು ಹತ್ತಿದೆ.

ಮುಂದಿನ ವಾರ ಆ ಹೆಂಗಸು ಯಾರಿಗೂ ಹೇಳದೆ ನಮ್ಮೂರಿಗೆ ಬಂದಳು. ಕಾಫಿ ಕೊಟ್ಟರೆ ಆಮೇಲೆ ಅಂದಳು. ಇಡೀ ಗುಡ್ಡ ಸುತ್ತಿದಳು. ಒಂದು ಕಡೆ ಹುಲ್ಲು ಕಿತ್ತು ನೋಡಿದಳು, ಇನ್ನೊಂದು ಕಡೆ ಸಗಣಿಯನ್ನು ಕಾಲಲ್ಲಿ ಸರಿಸಿ ಹುಳುಗಳನ್ನು ನೋಡಿದಳು. ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಅವಳ ಮನೆಯಲ್ಲೂ ಮೊದಲು ಗಿಡ್ಡಗಳಿದ್ದವು, ಕಾಲುಬಾಯಿ ರೋಗದಲ್ಲಿ ಹೋದವು, ಅಂದಿನಿಂದ ಕೊಟ್ಟಿಗೆಯಲ್ಲಿ ಸೌದೆ ಪೇರಿಸಿದ್ದಾರೆ ಎಂದು ಇಳಿಯುವಾಗ ಹೇಳಿದಳು. ಕೊಟ್ಟಿಗೆ ಬಾಗಿಲಲ್ಲಿ ನಿಂತು ಇನ್ನೂ ಕರು ಹಾಕದ ಒಂದು ಕಂದು ಬಣ್ಣದ ಕಡಸನ್ನು ತೋರಿಸಿ, "ಅದುಕ್ಕೆಷ್ಟ್ ವರ್ಷ ಅಕ್ಕ?" ಎಂದಳು.

"ಬರೋ ಯುಗಾದಿಗೆ ಎರಡು ತುಂಬ್ತದೆ."

ಅವಳು ಅದರ ಕುತ್ತಿಗೆ ಕೆರೆದಳು. ನಾನು ಅತ್ತೆಯ ಮುಖ ನೋಡಿದೆ. ಮಂಡಿ ನೋವಿನಿಂದ ಅವರು ಈಚೆಗೆ ಗುಡ್ಡ ಹತ್ತುವುದಿಲ್ಲ, ಆದರೆ ಕೊಟ್ಟಿಗೆಯ ತೀರ್ಮಾನಗಳು ಅವರವೇ. ಅವರು ಗೋಡೆ ಹಿಡಿದು ಎದ್ದು, ಕಡಸಿನ ಹಗ್ಗ ಬಿಚ್ಚಿ ಅವಳ ಕೈಗೆ ಕೊಟ್ಟರು.

"ಹೊಡ್ಕೊಂಡ್ ಹೋಗೋದ್ ಬ್ಯಾಡ, ದೂರ ಆಗ್ತದೆ. ಜೀಪ್ ಮಾಡ್ಸು," ಎಂದು ನನಗೆ ಹೇಳಿ, ಅವಳ ಕಡೆ ತಿರುಗಿ, "ಸೌದೆ ಮೊದ್ಲು ತೆಗ್ಸು. ಮೊದಲ್ನೇ ಕರುಗೆ ಹಾಲು ಪೂರ್ತಿ ಬುಟ್ಬುಡು, ಕರಿಬ್ಯಾಡ," ಎಂದರು.

ಆ ಹೆಂಗಸು ತಲೆಯಾಡಿಸಿ, ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಈಗ ಕಾಫಿ ಕುಡಿಯುತ್ತೇನೆ ಎಂದು ಜಗಲಿಯ ಮೇಲೆ ಕೂತಳು.